ನಿಮ್ಮ ಬೀದಿಯ ಮರದ ಹೆಸರೇನು?

‘ಸಂಯುಕ್ತ ಎಲೆ ಎಂದರೇನು?’ ಎಂದು ಪ್ರೌಢಶಾಲೆಯ ಹುಡುಗನೊಬ್ಬನನ್ನು ಕೇಳಿ. ಥಟ್ಟನೆ ವ್ಯಾಖ್ಯೆ ಒಪ್ಪಿಸುತ್ತಾನೆ. ಬೇವಿನ ರೆಂಬೆಯೊಂದನ್ನು ಕೈಗಿತ್ತು, ‘ಇದರಲ್ಲಿ ಒಂದು ಎಲೆ ಕಿತ್ತು ಕೊಡು’ ಎನ್ನಿ. ಗರಗಸದ ಅಂಚಿನ ಪುಟ್ಟ ತುಂಡೊಂದನ್ನು ಕಿತ್ತು ಕೊಡುವವರೇ ಹೆಚ್ಚು. ಅದು ಎಲೆಯಲ್ಲ, ಎಲೆಯ ಒಂದು ಭಾಗ, ಕಿರುಎಲೆ. ವ್ಯಾಖ್ಯೆಗೆ ಅಂಕ ಬಂದಿದೆ, ಬೇವು ಮಾತ್ರ ಅಪರಿಚಿತವಾಗಿಯೇ ಉಳಿದಿದೆ.

ಮರ ಗುರುತಿಸುವುದನ್ನು ಹೆಸರಿನಿಂದ ಆರಂಭಿಸಬೇಕಿಲ್ಲ. ನೋಡುವ ಕ್ರಮ ಮೊದಲು ಬರಲಿ. ಎಲೆಯ ತೊಟ್ಟು ರೆಂಬೆಯನ್ನು ಸೇರುವ ಸಂದಿಯಲ್ಲಿ ಸಣ್ಣ ಮೊಗ್ಗೊಂದಿರುತ್ತದೆ. ಕಿರುಎಲೆಯ ಬುಡದಲ್ಲಿ ಈ ಮೊಗ್ಗು ಇರುವುದಿಲ್ಲ. ಇಷ್ಟು ತಿಳಿದರೆ ಮಾವು, ಹಲಸು, ಅರಳಿ ಸರಳ ಎಲೆಯ ಗುಂಪಿಗೂ ಬೇವು, ಹೊಂಗೆ, ಹುಣಸೆ ಸಂಯುಕ್ತ ಎಲೆಯ ಗುಂಪಿಗೂ ಸೇರುತ್ತವೆ. ಆಮೇಲೆ ಎಣಿಕೆ. ಹೊಂಗೆಯ ಎಲೆಯ ತುದಿಯಲ್ಲಿ ಒಂಟಿ ಕಿರುಎಲೆಯಿದೆ. ಒಟ್ಟು ಸಾಮಾನ್ಯವಾಗಿ 5 ಅಥವಾ 7. ಹುಣಸೆಯ ಪುಟ್ಟ ಕಿರುಎಲೆಗಳು ಕೊನೆಯವರೆಗೂ ಜೋಡಿ ಜೋಡಿಯೇ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್‌ನಲ್ಲಿ ಎಲೆ ಕವಲೊಡೆದು, ಆ ಕವಲುಗಳ ಮೇಲೆ ಕಿರುಎಲೆಗಳು ಸಾಲುಗಟ್ಟಿವೆ.

ಹೆಸರು ತಪ್ಪಿದರೆ ನಷ್ಟವೇನು ಎಂದು ಕೇಳುವವರುಂಟು. ಮನೆಗಳ ಕಾಂಪೌಂಡಿನ ಪಕ್ಕ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನು ಬಹಳ ಮಂದಿ ‘ಅಶೋಕ’ ಎನ್ನುತ್ತಾರೆ. ಅದು ಕಂಬದ ಮರ. ಅಲೆಅಲೆಯಾದ ಅಂಚಿನ ಸರಳ ಎಲೆ, ಹಸಿರು ಛಾಯೆಯ ಹೂ. ನಿಜವಾದ ಅಶೋಕದ್ದು ಸಂಯುಕ್ತ ಎಲೆ. ಕಿತ್ತಳೆ, ಕೆಂಪು ಬಣ್ಣದ ಹೂಗೊಂಚಲು. ಆಯುರ್ವೇದದಲ್ಲಿ ಸ್ತ್ರೀಯರ ಕಾಯಿಲೆಗಳಿಗೆ ಬಳಸುವುದು ಇದರ ತೊಗಟೆಯನ್ನು. ಅದರ ಬದಲು ಕಂಬದ ಮರದ ತೊಗಟೆಯನ್ನು ಬೆರೆಸಿ ಮಾರುವುದು ಔಷಧ ವ್ಯಾಪಾರದಲ್ಲಿ ತಿಳಿದಿರುವ ಸಂಗತಿಯೇ. ಒಂದು ಎಲೆಯನ್ನು ಸರಿಯಾಗಿ ನೋಡಬಲ್ಲವರು ಮರಗಳೆರಡನ್ನೂ ಬೇರೆ ಮಾಡಬಲ್ಲರು.

ಪಾಲಕರು ಇದಕ್ಕಾಗಿ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಮಗು ಮನೆಯ ಹತ್ತಿರದ ಒಂದೇ ಮರವನ್ನು ಆರಿಸಿಕೊಳ್ಳಲಿ. ವಾರಕ್ಕೊಮ್ಮೆ ನೋಡಿ, ಎಲೆ ಉದುರಿದ್ದು, ತಳಿರು ಬಂದದ್ದು, ಹೂ, ಕಾಯಿ, ಬಂದ ಹಕ್ಕಿ ಎಲ್ಲವನ್ನೂ ದಿನಾಂಕ ಹಾಕಿ ನೋಟ್ ಪುಸ್ತಕದಲ್ಲಿ ಬರೆಯಲಿ. ಉದುರಿದ ಎಲೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಡಲಿ. ತೊಗಟೆಯ ಮೇಲೆ ಕಾಗದವಿಟ್ಟು ಬಣ್ಣದ ಕಡ್ಡಿಯಿಂದ ಉಜ್ಜಿದರೆ ಅದರ ಅಚ್ಚು ಮೂಡುತ್ತದೆ. ಹೆಸರು ತಿಳಿಯದಿದ್ದರೆ ಮೊದಲು ಅಜ್ಜ, ಅಜ್ಜಿಯರನ್ನು ಕೇಳಲಿ. ಒಂದು ಎಚ್ಚರ: ಗೊತ್ತಿಲ್ಲದ ಕಾಯಿ, ಬೀಜಗಳ ರುಚಿ ನೋಡಕೂಡದು. ತೋಟಗಳಲ್ಲಿ ಬೆಳೆಸುವ ಹಳದಿ ಕಣಗಿಲೆಯ ಬೀಜ ಹೃದಯಕ್ಕೆ ಮಾರಕ ವಿಷ.

ದೊಡ್ಡ ಮಕ್ಕಳಿಗೆ ಡಾ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೊಡಿ. ವಿದ್ಯಾರ್ಥಿಗಳೊಡನೆ ಸಸ್ಯಗಳನ್ನು ಹುಡುಕುತ್ತ ಅಲೆದ ಕಥನವದು; 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಸ್ಯಶಾಸ್ತ್ರ ಇಷ್ಟು ನಗಿಸಬಲ್ಲದೇ ಎಂದು ಓದಿದವರಿಗೆ ಅಚ್ಚರಿಯಾಗುತ್ತದೆ.

ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಹೊಳೆಯುವ ತಳಿರು ತೊಡುತ್ತದೆ, ಬೇವು ಹೂ ಬಿಡುತ್ತದೆ. ಪರೀಕ್ಷೆಯ ಗಡಿಬಿಡಿಯ ನಡುವೆಯೂ ಐದು ನಿಮಿಷ ಬಿಡುವು ಮಾಡಿಕೊಂಡು ಮಕ್ಕಳನ್ನು ಆ ಮರದ ಕೆಳಗೆ ಕರೆದೊಯ್ಯಿರಿ. ಹೆಸರನ್ನು ನೀವಾಗಿಯೇ ಹೇಳಿಬಿಡಬೇಡಿ. ಎಲೆಯನ್ನು ಅವರೇ ನೋಡಿ ಹೇಳಲಿ.