ಪಾದದ ಕಮಾನಿಗೆ ಆಸರೆ

ನಾರಾವಿಯಂತಹ ಘಟ್ಟದ ತಪ್ಪಲಿನ ಊರುಗಳಲ್ಲಿ ಮುರಕಲ್ಲಿನ ಏರುತಗ್ಗುಗಳನ್ನು ತೆಳುವಾದ ರಬ್ಬರಿನ ಚಪ್ಪಲಿಯಲ್ಲಿಯೇ ನಡೆದು ದಾಟುವವರುಂಟು. ಅಂಥವರಲ್ಲಿ ಕೆಲವರಿಗೆ, ಬೆಳಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುವುದು. ಇದಕ್ಕೆ ಕಾರಣವೇನು?

ಪಾದದ 26 ಎಲುಬುಗಳು ಕಮಾನಿನಂತೆ ಜೋಡಣೆಗೊಂಡಿವೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿರುವ ಗಟ್ಟಿ ತಂತುಪಟ್ಟಿಯೊಂದು, ಬಿಲ್ಲಿಗೆ ಹೆದೆಯಂತೆ, ಅದನ್ನು ಬಿಗಿದಿಟ್ಟಿದೆ. ಎಳೆತ ಮಿತಿಮೀರಿದಾಗ ಈ ಪಟ್ಟಿ ಹಿಮ್ಮಡಿಗೆ ಅಂಟಿರುವೆಡೆಯಲ್ಲಿ ನೋಯತೊಡಗುವುದು. ರಾತ್ರಿ ಬಿಗಿದುಕೊಂಡ ಅದು ಮುಂಜಾನೆ ಥಟ್ಟನೆ ಎಳೆಯಲ್ಪಡುವುದರಿಂದ ಆಗಲೇ ನೋವು ಹೆಚ್ಚು.

ಆದುದರಿಂದ ಪಾದರಕ್ಷೆಯನ್ನು ಕೊಳ್ಳುವ ಮೊದಲು ಬಾಗಿಸಿ ನೋಡಿರಿ. ಅದು ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಮಡಚಿಕೊಳ್ಳಬಾರದು. ಹಿಮ್ಮಡಿಯನ್ನು ಸುತ್ತುವ ಭಾಗ ಗಟ್ಟಿಯಾಗಿರಲಿ, ಕಮಾನಿನಡಿ ಒತ್ತಾಸೆಯಿರಲಿ. ದಿನದ ನಡಿಗೆಯಿಂದ ಪಾದಗಳು ತುಸು ಊದಿರುವ ಸಂಜೆಯೇ ಅಳತೆಗೆ ತಕ್ಕ ಹೊತ್ತು. ನೋವು ವಾರಗಟ್ಟಲೆ ಉಳಿದರೆ ವೈದ್ಯರನ್ನು ಕಾಣುವುದೇ ಲೇಸು.