ಲೋಹಶೋಧಕಕ್ಕೆ ಎಂಥ ಸೆಲ್ಲು?

ನಮ್ಮ ಮಂಡ್ಯದ ಕಡೆಯ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದರೆ ಕೈದೀಪ. ಅದರೊಳಗೆ ತುಂಬುವುದು ‘ಶೆಲ್ಲು’. ರಾತ್ರಿ ಗದ್ದೆಗೆ ನೀರು ಕಟ್ಟಲು ಹೊರಟವನು ‘ಬ್ಯಾಟರಿ ತತ್ತಾ’ ಎನ್ನುತ್ತಾನೆ. ದೀಪ ಮಂಕಾದರೆ ‘ಶೆಲ್ಲು ವೀಕಾಗದೆ’ ಎನ್ನುತ್ತಾನೆ. ಪೇಟೆಯ ವಿದ್ಯಾವಂತರು ಇದನ್ನು ಕೇಳಿ ನಗುವುದುಂಟು. ಆದರೆ ಈ ಎರಡು ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡವನು ಹಳ್ಳಿಯವನೇ. ಬ್ಯಾಟರಿ ಎಂಬುದು ಮೂಲದಲ್ಲಿ ಯುದ್ಧಭೂಮಿಯ ಮಾತು. ಸಾಲಾಗಿ ನಿಲ್ಲಿಸಿದ ಫಿರಂಗಿಗಳ ತಂಡಕ್ಕೆ ಆ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ವಿದ್ಯುತ್ತನ್ನು ಕೂಡಿಡುವ ಗಾಜಿನ ಸಾಧನಗಳನ್ನು ಸಾಲಾಗಿ ಜೋಡಿಸಿ, ಆ ಸಾಲಿಗೆ ಈ ಹೆಸರನ್ನಿಟ್ಟ. ಒಂಟಿಯಾಗಿರುವುದು ಸೆಲ್ಲು, ಸಾಲುಗೂಡಿ ದುಡಿಯುವುದು ಬ್ಯಾಟರಿ. ಈ ಭೇದ ನಿಘಂಟಿಗಷ್ಟೇ ಸೇರಿದ್ದಲ್ಲವೆಂಬುದನ್ನು ನಾನು ಕಲಿತದ್ದು ಒಂದು ಹಸುವಿನಿಂದ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನನ್ನ ತಂಗಿಯ ಮನೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ ಆ ಮನೆಯ ಸೀಮೆಹಸು ಮೇವು ಬಿಟ್ಟಿತ್ತು. ಹಾಲು ಇಳಿದಿತ್ತು. ಬೆನ್ನನ್ನು ಬಿಲ್ಲಾಗಿಸಿ, ಮುಂಗಾಲ ಮೊಣಕೈಗಳನ್ನು ಹೊರಚಾಚಿ ನಿಂತಿರುತ್ತಿತ್ತು. ಇಳಿಜಾರಿನಲ್ಲಿ ನಡೆಸಿದರೆ ನರಳುತ್ತಿತ್ತು. ಗೆಜ್ಜಲಗೆರೆಯ ಡೇರಿಗೆ ಊರೂರಿನ ಹಾಲು ಹರಿಯುವ ಸೀಮೆ ಇದು. ಕಬ್ಬಿನ ಹಣ ಎಂದೋ ಬರುವುದು. ಸಂಸಾರದ ದಿನದ ಬಂಡಿ ನಡೆಯುವುದು ಹಾಲಿನ ಹಣದಿಂದ. ಹಸು ಮಲಗಿದರೆ ಮನೆಯೇ ಮಲಗಿದಂತೆ.

ನೋಡಿದ ಪಶುವೈದ್ಯರು ಕಬ್ಬಿಣ ನುಂಗಿರಬಹುದೆಂದು ಶಂಕಿಸಿದರು. ದನ ಮೇವನ್ನು ಚೆನ್ನಾಗಿ ಅಗಿದು ನುಂಗುವುದಿಲ್ಲ. ಮೊದಲು ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಹುಲ್ಲು ಸೋಗೆಗಳೊಡನೆ ಬಂದ ಮೊಳೆ, ತಂತಿಯ ತುಂಡು ಅದರ ನಾಲಿಗೆಗೆ ಗೊತ್ತಾಗದೆ ಒಳಗೆ ಇಳಿದುಬಿಡುತ್ತವೆ. ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಜೇನುಹುಟ್ಟಿನಂತೆ ಮನೆಮನೆಯಾಗಿರುವ ಎರಡನೆಯದರಲ್ಲಿ ಅವು ನಿಲ್ಲುತ್ತವೆ. ಆ ಕೋಣೆಯ ಮುಂದೆ ವಪೆಯೆಂಬ ತೆಳುಪರದೆ. ಪರದೆಯ ಆಚೆಗೆ ಹೃದಯ. ಹೊಟ್ಟೆ ಸಂಕುಚಿಸಿದಂತೆಲ್ಲ ಮೊಳೆಯ ಮೊನೆ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಇಲ್ಲಿ ಕಳೆದುಹೋಗುವ ಒಂದೊಂದು ದಿನಕ್ಕೂ ಬೆಲೆಯುಂಟು.

ವೈದ್ಯರ ಬಳಿ ಕೈಯಲ್ಲಿ ಹಿಡಿಯುವ ಲೋಹಶೋಧಕವೊಂದಿತ್ತು. ಲೋಹಶೋಧಕವೆಂದೊಡನೆ ನಮಗೆ ಹೊಳೆಯುವುದು ನಿಧಿ. ಅಂಜನ ಹಾಕಿ ನಿಧಿ ನೋಡುತ್ತಿದ್ದವರ ನಾಡಲ್ಲವೆ ನಮ್ಮದು! ಇಲ್ಲಿ ಹುಡುಕಬೇಕಾಗಿದ್ದುದು ಕಾಸಿಗೆ ಬಾಳದ ಒಂದು ಮೊಳೆಯನ್ನು. ಉಪಕರಣದ ನಾಲ್ಕು ಸೆಲ್ಲುಗಳಲ್ಲಿ ಎರಡು ಸೋರಿ ಹಾಳಾಗಿದ್ದವು. ಉಪಕಾರ ಮಾಡುವ ಉತ್ಸಾಹದಿಂದ ನನ್ನ ರೇಡಿಯೋದಲ್ಲಿದ್ದ ಎರಡು ಸೆಲ್ಲುಗಳನ್ನು ತೆಗೆದುಕೊಟ್ಟವನು ನಾನೇ. ಆ ದಿನ ಬೆಳಿಗ್ಗೆ ಕೂಡ ರೇಡಿಯೋ ಸೊಗಸಾಗಿ ಹಾಡಿತ್ತು. ಸೆಲ್ಲು ಚೆನ್ನಾಗಿದೆಯೆನ್ನಲು ಬೇರೆ ಸಾಕ್ಷಿ ಏಕೆ? ಉಪಕರಣದ ಕೆಂಪು ದೀಪ ಹತ್ತಿತು. ಹಸುವಿನ ಎದೆಯ ಕೆಳಭಾಗದಲ್ಲೆಲ್ಲ ಆಡಿಸಿದರು. ಸದ್ದಿಲ್ಲ. ಅಜೀರ್ಣವಿರಬಹುದೆಂದು ಔಷಧಿ ಕೊಟ್ಟು ಹೋದರು. ಎರಡು ದಿನ ಕಳೆಯಿತು; ಹಸು ಮತ್ತಷ್ಟು ಸೊರಗಿತು.

ಎರಡನೆಯ ಸಲ ಬಂದಾಗ ವೈದ್ಯರಿಗೆ ಏನು ತೋಚಿತೋ, ಗೋಡೆಯ ಮೇಲಿನ ಒಂದು ಮೊಳೆಯನ್ನು ಕೀಳಿಸಿ ಉಪಕರಣದ ಮುಂದೆ ಹಿಡಿದರು. ಬೆರಳಿನಷ್ಟು ದೂರದಲ್ಲಿ ಸದ್ದು ಬಂತು. ಒಂದು ಗೇಣಿಗೆ ಸರಿಸಿದಾಗ ಅಡಗಿತು. ಅಂಗಡಿಯಿಂದ ಒಂದೇ ಬಗೆಯ ನಾಲ್ಕು ಹೊಸ ಸೆಲ್ಲುಗಳನ್ನು ತರಿಸಿ ಹಾಕಿದ ಮೇಲೆ ಅದೇ ಗೇಣಿನ ದೂರದಲ್ಲಿ ಗಟ್ಟಿಯಾಗಿ ಕೂಗಿತು. ಹಸುವಿನ ಎಡಮೊಣಕೈಯ ಹಿಂದೆ ಹಿಡಿದಾಗಲೂ ಕೂಗಿತು.

ಇದರ ಒಳಮರ್ಮ ಕಠಿಣವಾದುದಲ್ಲ. ಲೋಹಶೋಧಕದಲ್ಲಿ ತಾಮ್ರದ ತಂತಿಯ ಸುರುಳಿಯಿರುತ್ತದೆ. ಅದರಲ್ಲಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸಿದರೆ ಸುತ್ತಲೂ ಅದೇ ವೇಗದಲ್ಲಿ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಸಮೀಪದ ಲೋಹದಲ್ಲಿ ಅದರಿಂದ ಸಣ್ಣ ಸುಳಿವಿದ್ಯುತ್ತುಗಳೇಳುತ್ತವೆ. ಅವು ತಮ್ಮದೇ ಒಂದು ಕಾಂತಕ್ಷೇತ್ರವನ್ನು ಹಿಂದಿರುಗಿಸುತ್ತವೆ. ಆ ಕ್ಷೀಣವಾದ ಮಾರುತ್ತರವನ್ನು ಕೇಳಿಸಿಕೊಂಡು ಸದ್ದಾಗಿಸುವುದೇ ಉಪಕರಣದ ಕೆಲಸ. ಲೋಹ ದೂರವಾದಂತೆ ಈ ಮಾರುತ್ತರ ಬಹು ಬೇಗ ಕುಗ್ಗುತ್ತದೆ. ಸೆಲ್ಲಿನ ಒತ್ತಡ ಇಳಿದರೆ ಸರಳ ರಚನೆಯ ಉಪಕರಣದಲ್ಲಿ ಸುರುಳಿಯ ಕೂಗೂ ಕುಗ್ಗುತ್ತದೆ, ಕಿವಿಯೂ ಮಂದವಾಗುತ್ತದೆ. ದೀಪವೇನೋ ಉರಿಯುತ್ತಲೇ ಇರುತ್ತದೆ!

ರೇಡಿಯೋ ಹಾಡಿದ ಸೆಲ್ಲು ಇಲ್ಲಿ ಸೋತದ್ದೇಕೆ? ಪ್ರತಿಯೊಂದು ಸೆಲ್ಲಿಗೂ ಒಳಗೇ ಒಂದು ತಡೆಯಿದೆ. ಸೆಲ್ಲು ಮುದಿಯಾದಂತೆ ಅದು ಹೆಚ್ಚುತ್ತದೆ. ಸಣ್ಣ ರೇಡಿಯೋ ಮೆಲ್ಲನೆ ಗುಟುಕರಿಸುವಂಥದು. ಆ ಬೇಡಿಕೆಯನ್ನು ಮುದಿ ಸೆಲ್ಲೂ ಪೂರೈಸುತ್ತದೆ. ಹೆಚ್ಚು ವಿದ್ಯುತ್ತನ್ನು ಒಮ್ಮೆಗೇ ಬೇಡುವ ಉಪಕರಣದ ಮುಂದೆ ಅದು ಕುಸಿಯುತ್ತದೆ. ಸಾಲಿನಲ್ಲಿ ಒಂದು ಮುದಿಯಾದರೆ ಹೊಸದರ ಬಲವೂ ಅದರ ತಡೆಯಲ್ಲೇ ವ್ಯಯವಾಗುತ್ತದೆ. ದುರ್ಬಲವಾದದ್ದು ಬೇಗ ಸೋರತೊಡಗುತ್ತದೆ. ಹಳತು ಹೊಸತುಗಳನ್ನು ಬೆರೆಸಬಾರದೆಂಬ ಮಾತಿನ ಹಿಂದಿರುವ ಕಾರಣ ಇದು. ಬ್ಯಾಟರಿಯೆಂದರೆ ಸಾಲು; ಸಾಲಿನ ಬಲ ಸೋತವನ ಬಲ.

ಇನ್ನು ಆಯ್ಕೆಯ ವಿಷಯ. ಅಂಗಡಿಯಲ್ಲಿ ಸಿಕ್ಕುವ ಅಗ್ಗದ ಸೆಲ್ಲು ಸತು–ಇಂಗಾಲದ್ದು. ೧೮೬೬ರಲ್ಲಿ ಫ್ರಾನ್ಸಿನ ಲೆಕ್ಲಾಂಷೆ ರೂಪಿಸಿದ ಕೋಶದ ಸಂತತಿ. ಅದರ ಸತುವಿನ ಡಬ್ಬಿಯೇ ಅದರ ಆಹಾರವೂ ಹೌದು. ಕೆಲಸ ಮಾಡುತ್ತ ಮಾಡುತ್ತ ಡಬ್ಬಿಯೇ ಸವೆದು ತೂತಾಗುತ್ತದೆ. ಗಡಿಯಾರಕ್ಕೆ ಅದು ಸಾಕು. ಸೋತ ಶೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವುದು ನಮ್ಮಲ್ಲಿ ರೂಢಿ. ಶಾಖಕ್ಕೆ ಒಳಗಿನ ರಾಸಾಯನಿಕ ಕ್ರಿಯೆ ಕೊಂಚ ಚುರುಕಾಗುತ್ತದೆ ನಿಜ. ಆದರೆ ಹೊಸ ಶಕ್ತಿಯೇನೂ ಸೇರುವುದಿಲ್ಲ. ಕ್ಷಾರೀಯ, ಎಂದರೆ ಆಲ್ಕಲೈನ್ ಸೆಲ್ಲಿಗೆ ಬೆಲೆ ಹೆಚ್ಚು; ಆದರೆ ಅದು ಭಾರವಾದ ಬೇಡಿಕೆಯನ್ನು ತಾಳುತ್ತದೆ, ಕಪಾಟಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದರ ಒತ್ತಡ ಇಳಿಯುವುದು ಮೆಲ್ಲಮೆಲ್ಲನೆ. ಆಗೊಮ್ಮೆ ಈಗೊಮ್ಮೆ ಬಳಸುವ ಲೋಹಶೋಧಕಕ್ಕೆ ಇದೇ ಯೋಗ್ಯ.

ದಿನವೂ ಬಳಸುವವರಿಗೆ ಮತ್ತೆ ಮತ್ತೆ ತುಂಬಬಹುದಾದ ನಿಕಲ್–ಲೋಹ ಹೈಡ್ರೈಡ್ ಸೆಲ್ಲು ಲಾಭಕರ. ಆದರೆ ಸಾಮಾನ್ಯ ಸೆಲ್ಲು ೧.೫ ವೋಲ್ಟಿನದಾದರೆ ಇದು ೧.೨ ವೋಲ್ಟಿನದು. ನಾಲ್ಕು ಸೇರಿದರೆ ಆರರ ಬದಲು ೪.೮ ವೋಲ್ಟು, ಎಂಟು ಸೇರಿದರೆ ಹನ್ನೆರಡರ ಬದಲು ೯.೬. ಉಪಕರಣದ ಕೈಪಿಡಿ ಒಪ್ಪಿದರೆ ಮಾತ್ರ ಹಾಕಬೇಕು. ಕೊನೆಯವರೆಗೂ ಒಂದೇ ಮಟ್ಟದಲ್ಲಿದ್ದು ಥಟ್ಟನೆ ಕೈಬಿಡುವುದು ಇದರ ಸ್ವಭಾವ. ‘೯ ವೋಲ್ಟ್’ ಚೌಕ ಬ್ಯಾಟರಿಯ ಆಕಾರದಲ್ಲಿ ಬರುವ ತುಂಬುವ ಬಗೆಯವುಗಳಲ್ಲಿ ಕೆಲವು ೮.೪, ಕೆಲವು ಕೇವಲ ೭.೨ ವೋಲ್ಟಿನವು. ಹೆಸರನ್ನಲ್ಲ, ಅಂಕಿಯನ್ನು ಓದಿ ಕೊಳ್ಳಬೇಕು. ಸಾಮಾನ್ಯ ಸೆಲ್ಲಿನದೇ ಗಾತ್ರದಲ್ಲಿ ೩.೭ ವೋಲ್ಟಿನ ಲಿಥಿಯಂ ಅಯಾನು ಸೆಲ್ಲುಗಳೂ ಇವೆ, ೧.೫ರ ಜಾಗಕ್ಕೆ ಅವನ್ನು ತುರುಕಿದರೆ ಉಪಕರಣವೇ ಸುಟ್ಟೀತು. ಅಂದಹಾಗೆ, ಆ ಲಿಥಿಯಂ ನಮಗೆ ದೂರದ ಮಾತಲ್ಲ. ನಮ್ಮ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಬಂಡೆಗಳಲ್ಲಿ ಸುಮಾರು ೧,೬೦೦ ಟನ್ ಲಿಥಿಯಂ ಇರಬಹುದೆಂದು, ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಶೋಧನೆಯ ಆಧಾರದ ಮೇಲೆ, ೨೦೨೧ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು.

ಸೆಲ್ಲು ಸರಿಯಾಗಿದ್ದರೂ ಉಪಕರಣದ ಮಾತನ್ನು ಕಣ್ಣು ಮುಚ್ಚಿ ನಂಬಬಾರದು. ೧೮೮೧ರ ಜುಲೈ ೨ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ದೇಹದೊಳಗಿನ ಗುಂಡನ್ನು ಹುಡುಕಲು, ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಒಂದು ಉಪಕರಣವನ್ನು ತಂದ. ಹಾಸಿಗೆಯಲ್ಲಿದ್ದ ಉಕ್ಕಿನ ಸುರುಳಿಗಳು ಅದನ್ನು ದಿಕ್ಕುಗೆಡಿಸಿದವು. ವೈದ್ಯರು ಹುಡುಕಲು ಬಿಟ್ಟದ್ದು ಬಲಭಾಗವನ್ನು, ಗುಂಡಿದ್ದುದು ಎಡಕ್ಕೆ. ಸೆಪ್ಟೆಂಬರ್ ೧೯ರಂದು ಅಧ್ಯಕ್ಷ ತೀರಿಕೊಂಡ. ಹಸುವಿನ ಕೊರಳ ಸರಪಣಿ, ಗಂಟೆ, ಪಕ್ಕದ ಕಬ್ಬಿಣದ ಕಂಬ ನಮ್ಮ ಕೊಟ್ಟಿಗೆಯಲ್ಲೂ ಹೀಗೆಯೇ ಸುಳ್ಳು ಹೇಳಿಸುತ್ತವೆ. ಒಳಗೆ ಕಬ್ಬಿಣವಿದೆಯೆಂದು ಉಪಕರಣ ಹೇಳಬಲ್ಲದು. ಅದು ಚುಚ್ಚಿದೆಯೇ, ಸುಮ್ಮನೆ ಬಿದ್ದಿದೆಯೇ ಎಂದು ಹೇಳಲಾರದು. ಅದನ್ನು ತೀರ್ಮಾನಿಸಬೇಕಾದವರು ರೋಗಲಕ್ಷಣ ನೋಡುವ ವೈದ್ಯರು.

ಸುಳ್ಳು ಸದ್ದಿಗಿಂತ ಸುಳ್ಳು ಮೌನ ಅಪಾಯಕರ. ಸದ್ದು ಬಂದರೆ ಮನುಷ್ಯ ಮತ್ತೊಮ್ಮೆ ನೋಡುತ್ತಾನೆ. ಮೌನವಾದರೆ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಅದಕ್ಕೆ ಮದ್ದು ಬಹಳ ಸುಲಭ. ಜೇಬಿನಲ್ಲಿ ಒಂದು ಮೊಳೆಯಿರಲಿ. ಹುಡುಕುವ ಮೊದಲು ಒಮ್ಮೆ, ಹುಡುಕಿದ ಮೇಲೆ ಒಮ್ಮೆ, ಬೇಕಾದಷ್ಟೇ ದೂರದಲ್ಲಿ ಅದನ್ನು ಹಿಡಿದು ನೋಡಬೇಕು. ಎರಡು ಸಲವೂ ಕೂಗಿದರೆ ಮಾತ್ರ ನಡುವಣ ಮೌನಕ್ಕೆ ಬೆಲೆ. ಕೆಲಸ ಮುಗಿದ ಮೇಲೆ ಸೆಲ್ಲುಗಳನ್ನು ಹೊರತೆಗೆದಿಡಬೇಕು. ಸತ್ತ ಸೆಲ್ಲನ್ನು ತಿಪ್ಪೆಗೆ ಎಸೆಯಬಾರದು. ಬ್ಯಾಟರಿ ತ್ಯಾಜ್ಯವನ್ನು ಪ್ರತ್ಯೇಕವಾಗಿ ಒಪ್ಪಿಸಬೇಕೆಂದು ೨೦೨೨ರ ನಿಯಮಗಳೇ ಹೇಳುತ್ತವೆ. ನಿಯಮದ ಮಾತಿರಲಿ, ತಿಪ್ಪೆಯದು ಗದ್ದೆಗೆ, ಗದ್ದೆಯದು ಮೇವಿಗೆ, ಮೇವಿನದು ಹೊಟ್ಟೆಗೆ ಎಂಬುದನ್ನು ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಂಗಿಯ ಮನೆಯ ಹಸುವಿಗೆ ಶಸ್ತ್ರಚಿಕಿತ್ಸೆಯಾಯಿತು. ಹೊರಬಂದದ್ದು ಮೊಳೆಯಲ್ಲ, ಮನೆ ಕಟ್ಟುವಾಗ ಕಂಬಿ ಬಿಗಿಯಲು ಬಳಸುವ ತಂತಿಯ ಒಂದು ತುಂಡು. ಹಸು ಉಳಿಯಿತು, ಆ ಸೂಲಿನ ಹಾಲು ಮಾತ್ರ ಮೊದಲಿನ ಮಟ್ಟಕ್ಕೆ ಏರಲಿಲ್ಲ. ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಮೌನದ ಅರ್ಥವನ್ನು ತಿಳಿಯಲು ನನಗೆ ಯಾವ ಶೋಧಕವೂ ಬೇಕಾಗಲಿಲ್ಲ.