ತೂಕ ಸರಿ ಉಂಟು, ಸೊಂಟ ಎಷ್ಟು?

ನಮ್ಮಲ್ಲಿ ಯಾರಿಗಾದರೂ ಶುಗರ್ ಬಂತು ಅಂತ ಸುದ್ದಿ ಬಂದರೆ ಮೊದಲು ಕೇಳುವ ಮಾತು, "ಅವರು ತೋರ ಇದ್ದರಾ?" ಇಲ್ಲ, ಸಪೂರ ಜನ ಅಂದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಟೆನ್ಶನ್‌ನಿಂದ ಬಂದಿರಬೇಕು, ಗಲ್ಫಿನ ನೀರಿನಿಂದ ಇರಬೇಕು ಅಂತ ಏನಾದರೊಂದು ಕಾರಣ ಹುಡುಕುತ್ತೇವೆ. ಸಪೂರ ಇರುವವರಿಗೆ ಕೊಬ್ಬು ಎಲ್ಲಿಂದ ಬರಬೇಕು ಮಾರಾಯ್ರೆ ಅನ್ನುವುದು ನಮ್ಮ ಲೆಕ್ಕ. ಈ ಲೆಕ್ಕ ತಪ್ಪು ಎಂದು ವೈದ್ಯಲೋಕ ಹೇಳತೊಡಗಿ ಎರಡು ದಶಕ ಕಳೆದಿದೆ. ನಮ್ಮ ಮನೆಗಳಿಗೆ ಆ ಮಾತು ಇನ್ನೂ ಬಂದು ಮುಟ್ಟಿಲ್ಲ.

ನಮ್ಮ ಮೊಹಲ್ಲಾದಲ್ಲಿ ಒಬ್ಬರಿದ್ದಾರೆ. ಇಪ್ಪತ್ತು ವರ್ಷ ಸೌದಿಯ ಅಂಗಡಿಯೊಂದರ ಗಲ್ಲಾದಲ್ಲಿ ಕೂತು ಊರಿಗೆ ಬಂದವರು. ತೂಕ 58 ಕೆಜಿ. ಕೈಕಾಲು ಕಡ್ಡಿಯಂತೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಶಿಬಿರ ಇದೆ, ರಕ್ತ ಕೊಟ್ಟು ನೋಡಿ ಕಾಕ ಅಂದರೆ "ನನ್ನನ್ನು ನೋಡಿದರೆ ಗೊತ್ತಾಗುವುದಿಲ್ಲವಾ, ನನಗೆ ಎಂಥದೂ ಇಲ್ಲ" ಎನ್ನುತ್ತಿದ್ದರು. ಚಪ್ಪಲಿ ತಾಗಿ ಆದ ಒಂದು ಗಾಯ ಒಂದು ತಿಂಗಳಾದರೂ ಒಣಗದೇ ಇದ್ದಾಗ ಆಸ್ಪತ್ರೆಗೆ ಹೋದರು. ಸಕ್ಕರೆ ಮುನ್ನೂರು ದಾಟಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಇದೇ ಗಾಯ ಒಬ್ಬ ತೋರದವರಿಗೆ ಆಗಿದ್ದರೆ ಮನೆಯವರು ಮೂರನೇ ದಿನವೇ ಶುಗರ್ ನೋಡಿಸುತ್ತಿದ್ದರು. ಸಪೂರದವರ ಕಷ್ಟ ಇರುವುದು ಇಲ್ಲೇ. ಅವರನ್ನು ಪರೀಕ್ಷೆ ಮಾಡಬೇಕು ಎಂದು ಯಾರಿಗೂ ತೋಚುವುದಿಲ್ಲ.

ತೂಕ ಸರಿಯಾಗಿದ್ದು ಮೈಯೊಳಗೆ ಕೊಬ್ಬು ಜಾಸ್ತಿ ಇರುವುದಕ್ಕೆ ವೈದ್ಯರು ಸಾಮಾನ್ಯ ತೂಕದ ಬೊಜ್ಜು ಎನ್ನುತ್ತಾರೆ. ಭಾರತೀಯರ ವಿಷಯದಲ್ಲಿ ಇದನ್ನು ಎಲ್ಲರಿಗೂ ಅರ್ಥವಾಗುವಂತೆ ತೋರಿಸಿದ್ದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಫೋಟೋ. ಅದರಲ್ಲಿ ಇಬ್ಬರು ಡಾಕ್ಟರರು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ನೋಡಲು ಇಬ್ಬರೂ ಸಾಧಾರಣ ಮೈಕಟ್ಟಿನವರು. ಇಬ್ಬರ ಬಿಎಂಐ ಕೂಡ ಒಂದೇ, 22.3. ಆದರೆ ಯಂತ್ರದಲ್ಲಿ ಮೈಕೊಬ್ಬು ಅಳೆದಾಗ ಯುಡ್ಕಿನ್ ಅವರದ್ದು ಶೇ. 9.1, ನಮ್ಮ ಯಾಜ್ಞಿಕ್ ಅವರದ್ದು ಶೇ. 21.2. ಎರಡು ಪಟ್ಟಿಗಿಂತ ಜಾಸ್ತಿ! ಶುಗರಿನ ಡಾಕ್ಟರರೇ ತಮ್ಮ ಮೈಯನ್ನು ಉದಾಹರಣೆಯಾಗಿ ಮುಂದಿಟ್ಟದ್ದು ನಮಗೆ ಬಹಳ ಹಿಡಿಸಿತು.

ಬಿಎಂಐ ಎಂದರೆ ತೂಕವನ್ನು (ಕೆಜಿಯಲ್ಲಿ) ಎತ್ತರದ (ಮೀಟರಿನಲ್ಲಿ) ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. 168 ಸೆಂಟಿಮೀಟರ್ ಎತ್ತರ, 63 ಕೆಜಿ ತೂಕ ಇದ್ದರೆ ಲೆಕ್ಕ ಸರಿಯಾಗಿ 22.3ಕ್ಕೇ ಬರುತ್ತದೆ. ನಮ್ಮ ಪೇಟೆಯಲ್ಲಿ ಇಂಥವರು ಎಷ್ಟು ಬೇಕಾದರೂ ಸಿಗುತ್ತಾರೆ. ಈ ಸೂತ್ರದ ಮೂಲ ಹತ್ತೊಂಬತ್ತನೇ ಶತಮಾನದ ಬೆಲ್ಜಿಯಂನ ಕೆಟ್ಲೆ ಎಂಬ ಗಣಿತಜ್ಞರದ್ದು. ಅವರು ಡಾಕ್ಟರರಲ್ಲ, ಜನಸಮೂಹದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ಹುಡುಕಿದವರು. ತೂಕದಲ್ಲಿ ಎಲುಬೆಷ್ಟು, ಮಾಂಸಖಂಡವೆಷ್ಟು, ಕೊಬ್ಬೆಷ್ಟು ಎಂದು ಹೇಳುವ ಶಕ್ತಿ ಆ ಸೂತ್ರಕ್ಕಿಲ್ಲ. ಅದಕ್ಕಾಗಿಯೇ ಬೇರೆ ದೇಶಗಳಲ್ಲಿ ಬಿಎಂಐ 25 ದಾಟಿದರೆ ಅತಿತೂಕ ಎಂದು ಲೆಕ್ಕ ಹಾಕಿದರೆ, ನಮಗೆ 23ರಿಂದಲೇ ಅತಿತೂಕ, 25ರಿಂದ ಬೊಜ್ಜು ಎಂದು ಭಾರತದ ವೈದ್ಯರು ಗೆರೆ ಎಳೆದಿದ್ದಾರೆ. ಆ ಗೆರೆಯ ಒಳಗಿರುವವರೂ ಪಾರಾದರು ಎಂದಲ್ಲ. ಐಸಿಎಂಆರ್‌ನ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಬಿಎಂಐ ಪ್ರಕಾರ ಬೊಜ್ಜಿರುವವರು ನೂರಕ್ಕೆ 28.6 ಮಂದಿ, ಹೊಟ್ಟೆಯ ಬೊಜ್ಜಿರುವವರು 39.5 ಮಂದಿ. ಅಂದರೆ ನೂರರಲ್ಲಿ ಕನಿಷ್ಠ ಹತ್ತು ಮಂದಿಯ ಬೊಜ್ಜು ತೂಕದ ಲೆಕ್ಕಕ್ಕೆ ಸಿಗದೆ ತಪ್ಪಿಹೋಗುತ್ತದೆ.

ನಾವು ಯಾಕೆ ಹೀಗೆ? ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಬಸುರಿಯರನ್ನೂ ಹುಟ್ಟಿದ ಮಕ್ಕಳನ್ನೂ ಗಮನಿಸುತ್ತಾ ಬಂದರು. ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕೆಜಿ. ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳದ್ದು 3.5 ಕೆಜಿ. ತೂಕ ಕಡಿಮೆ ಅಂದ ಮೇಲೆ ಕೊಬ್ಬೂ ಅಷ್ಟೇ ಕಡಿಮೆ ಇರಬೇಕಲ್ಲ? ಇರಲಿಲ್ಲ. ಕಡಿಮೆ ಇದ್ದದ್ದು ಮಾಂಸಖಂಡ ಮತ್ತು ಹೊಟ್ಟೆಯೊಳಗಿನ ಅಂಗಗಳು. ಬೆನ್ನಿನ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಹಾಗೇ ಇತ್ತು. ಗರ್ಭದಲ್ಲಿ ಪೋಷಣೆ ಸಾಲದೆ ಬಂದಾಗ ದೇಹ ಮಿದುಳನ್ನೂ ಕೊಬ್ಬನ್ನೂ ಉಳಿಸಿಕೊಂಡು ಮಾಂಸಖಂಡಕ್ಕೆ ಕೈ ಬಿಡುತ್ತದೆ ಎಂಬುದು ತಜ್ಞರ ವಿವರಣೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳನ್ನು ಹಿಡಿದು ಮಾಡಿದ, 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಂಟು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಕಂಡಿತು.

ಮಾಂಸಖಂಡ ಕಡಿಮೆಯಾದರೆ ಏನಾಯಿತು ಅಂತ ಕೇಳಬಹುದು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದರಲ್ಲಿ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಮಾಂಸಖಂಡಗಳೇ. ಬಂದರಿನ ಗೋದಾಮಿನ ಲೆಕ್ಕದಲ್ಲಿ ಹೇಳುವುದಾದರೆ, ಗೋದಾಮು ಚಿಕ್ಕದು, ಲಾರಿ ಮಾತ್ರ ದಿನಕ್ಕೆ ಮೂರು ಸಲ ಬಂದು ನಿಲ್ಲುತ್ತದೆ. ಹೆಚ್ಚಾದ ಸರಕು ಕೊಬ್ಬಾಗಿ ಮೊದಲು ಚರ್ಮದಡಿಗೆ ಹೋಗುತ್ತದೆ. ಅಲ್ಲೂ ಜಾಗ ಸಾಲದಿದ್ದರೆ ಕರುಳಿನ ಸುತ್ತ, ಪಿತ್ತಕೋಶದ ಪಕ್ಕದ ಯಕೃತ್ತಿನೊಳಗೆ ತುಂಬುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದ ಮೇಲೆ ಇನ್ಸುಲಿನ್ ಎಷ್ಟು ಕೂಗಿದರೂ ಅದಕ್ಕೆ ಕೇಳುವುದಿಲ್ಲ. ನಮ್ಮ ಹಿಂದಿನ ತಲೆಮಾರು ಬಂದರಿನಲ್ಲಿ ಮೂಟೆ ಹೊತ್ತು, ತಲೆ ಮೇಲೆ ಮೀನಿನ ಬುಟ್ಟಿ ಇಟ್ಟು ಮೈಲುಗಟ್ಟಲೆ ನಡೆದು, ಬಟ್ಟಲು ತುಂಬ ಕುಚ್ಚಲಕ್ಕಿ ಗಂಜಿ ಕುಡಿಯಿತು. ನಾವು ಗಲ್ಲಾದಲ್ಲಿ, ಕಾರಿನಲ್ಲಿ, ಮದ್ರಸದ ಚಾಪೆಯಲ್ಲಿ ಕೂತವರು. ಬೆಳಿಗ್ಗೆ ಪತ್ತಿರ್, ಮಧ್ಯಾಹ್ನ ಅನ್ನ, ರಾತ್ರಿ ಪುನಃ ಪತ್ತಿರ್. ಎಲ್ಲವೂ ಅಕ್ಕಿಯೇ! ಮೀನಿನ ಊರಿನವರು ನಾವು ಅಂತ ಹೆಸರು, ಬಟ್ಟಲಲ್ಲಿ ಸಾರು ತುಂಬ, ಮೀನು ಒಂದು ತುಂಡು. ನಡುವೆ ಸಕ್ಕರೆ ಹಾಕಿದ ಚಾ ಎಷ್ಟು ಸಲ ಅಂತ ಯಾರೂ ಎಣಿಸುವುದಿಲ್ಲ.

ಸಪೂರದ ಮಕ್ಕಳನ್ನು ನೋಡಿ ಮರುಗುವ ಉಮ್ಮಂದಿರಿಗೂ ಒಂದು ಮಾತು. ದಿಲ್ಲಿಯಲ್ಲಿ ಮಕ್ಕಳನ್ನು ಹುಟ್ಟಿನಿಂದ ಯೌವನದವರೆಗೆ ಅಳೆಯುತ್ತಾ ಬಂದ ಅಧ್ಯಯನದಲ್ಲಿ, ಮುಂದೆ ಸಕ್ಕರೆ ಏರುಪೇರಾದವರು ಎರಡು ವರ್ಷದ ತನಕ ಸಪೂರ ಇದ್ದು ಆಮೇಲೆ ಬೇಗ ಬೇಗ ದಪ್ಪ ಏರಿದವರು. ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರಾಗಿರಲಿಲ್ಲ. ಮದ್ರಸಕ್ಕೆ ಬರುವಾಗ ಕಿಸೆಯಲ್ಲಿ ಬಿಸ್ಕತ್ತು, ಚಿಪ್ಸ್ ತುಂಬಿ ಕಳಿಸಿ, "ಉಸ್ತಾದ್, ಇವನು ಏನೂ ತಿನ್ನುವುದಿಲ್ಲ, ಸ್ವಲ್ಪ ಹೇಳಿ" ಎನ್ನುವವರು ಇದನ್ನು ಗಮನಿಸಬೇಕು. ಆ ಮಗುವಿಗೆ ಬೇಕಾದದ್ದು ಮೊಟ್ಟೆ, ಬೇಳೆ, ಮೀನು, ಮತ್ತೆ ಓಡಾಡಲು ಒಂದು ಅಂಗಳ.

ಅಳೆಯುವುದು ಹೇಗೆ ಎಂದರೆ, ಮೈಕೊಬ್ಬಿನ ಯಂತ್ರವೆಲ್ಲ ಬೇಡ. ಜಿಮ್ಮಿನಲ್ಲಿರುವ ಸಣ್ಣ ಯಂತ್ರಗಳು ನೀರು ಕುಡಿದರೆ ಒಂದು, ಕುಡಿಯದಿದ್ದರೆ ಇನ್ನೊಂದು ಹೇಳುತ್ತವೆ. ಟೈಲರ್ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಬಟ್ಟೆ ಸರಿಸಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಿಕೆ. ಅಂದರೆ ಸುಮಾರು 35 ಇಂಚು, 31 ಇಂಚು. "ನನ್ನ ಪ್ಯಾಂಟು ಮದುವೆಯಿಂದ ಇವತ್ತಿನವರೆಗೆ 32 ಇಂಚೇ" ಅನ್ನುವವರಿದ್ದಾರೆ. ಪ್ಯಾಂಟು ಹೊಟ್ಟೆಯ ಕೆಳಗೆ ಇಳಿದು ಎಷ್ಟು ವರ್ಷವಾಯಿತು ಎಂದು ಅವರು ನೋಡಿಲ್ಲ. ಲುಂಗಿಯ ಕತೆಯೂ ಅಷ್ಟೆ, ಹೊಟ್ಟೆ ಬೆಳೆದ ಹಾಗೆ ಗಂಟು ತಾನೇ ಜಾಗ ಬದಲಿಸುತ್ತದೆ. ಟೇಪು ಇಲ್ಲದ ಮನೆಯಲ್ಲಿ ಒಂದು ದಾರ ಸಾಕು. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅದನ್ನು ಎರಡು ಮಡಿಸಿ ಸೊಂಟಕ್ಕೆ ಸುತ್ತಿ. ಎರಡು ತುದಿ ಸೇರದಿದ್ದರೆ ಸೊಂಟ ಎತ್ತರದ ಅರ್ಧ ದಾಟಿದೆ ಎಂದರ್ಥ. ಆಗ ತೂಕ ಎಷ್ಟೇ ಇರಲಿ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್, ಬಿಪಿ ನೋಡಿಸಿ. 30 ದಾಟಿದವರಿಗೆ ಬಿಪಿ, ಸಕ್ಕರೆಯ ಪ್ರಾಥಮಿಕ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ.

ಇಲ್ಲೊಂದು ಅಪಾಯ ಉಂಟು. ಕೊಬ್ಬು ಜಾಸ್ತಿ ಅಂತ ಗೊತ್ತಾದ ಸಪೂರದವರು ಊಟ ಬಿಡಲು ಶುರು ಮಾಡುತ್ತಾರೆ. ಮೊದಲೇ ಕಡಿಮೆ ಇರುವ ಮಾಂಸಖಂಡ ಅದರಿಂದ ಇನ್ನೂ ಕರಗುತ್ತದೆ. ಇವರು ಕಡಿಮೆ ಮಾಡಬೇಕಾದದ್ದು ಅನ್ನ, ಸಕ್ಕರೆ, ಎಣ್ಣೆಯಲ್ಲಿ ಕರಿದದ್ದು. ಬೇಳೆ, ಮೊಟ್ಟೆ, ಮೀನು ಹೆಚ್ಚಾಗಬೇಕು. ನಡಿಗೆಯ ಜೊತೆ ಭಾರ ಎತ್ತುವ ಕೆಲಸವೂ ಬೇಕು. ಜಿಮ್ಮಿಗೇ ಹೋಗಬೇಕು ಅಂತಿಲ್ಲ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ತೊಡೆಗೆ ಕೆಲಸ ಸಿಗುತ್ತದೆ. ಮಾತ್ರೆ ತಿನ್ನುತ್ತಿರುವವರು ಡಾಕ್ಟರರನ್ನು ಕೇಳಿಯೇ ಊಟ ಬದಲಿಸಬೇಕು.

ನಮ್ಮ ಸಂಘಟನೆಗಳು ವರ್ಷವಿಡೀ ಶಿಬಿರ ನಡೆಸುತ್ತವೆ. ಬಾಗಿಲಲ್ಲೇ ತೂಕದ ಯಂತ್ರ, ಸಪೂರದವರನ್ನು "ನೀವು ಓಕೆ" ಅಂತ ಮುಂದೆ ಕಳಿಸುವುದೂ ಉಂಟು. ಮುಂದಿನ ಶಿಬಿರದಲ್ಲಿ ಆ ಯಂತ್ರದ ಪಕ್ಕ ಎರಡು ಟೇಪು ಇಡಿ, ಒಂದು ಗಂಡಸರ ಕಡೆ, ಒಂದು ಹೆಂಗಸರ ಕಡೆ. ಹೆಂಗಸರ ಕಡೆ ಪರದೆ ಕಟ್ಟಿ, ಅಳೆಯಲು ಒಬ್ಬಳು ನರ್ಸಿಂಗ್ ಓದುವ ಹುಡುಗಿಯನ್ನು ಕೂರಿಸಿ. ಬುರ್ಖಾದೊಳಗೆ ಸಪೂರ ಕಾಣುವ ಎಷ್ಟೋ ತಾಯಂದಿರ ಸೊಂಟವನ್ನು ಹೆರಿಗೆಯ ನಂತರ ಯಾರೂ ಅಳೆದಿಲ್ಲ.